ಓತಿಕ್ಯಾತನಿಗೂ ಒಂದು ಲೈಸೆನ್ಸು

"ಅಲ್ಲ ಮಾರಾಯ್ತಿ, ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋದ್ರೂ ನಿಂಗೆ ಆ ಓತಿಕ್ಯಾತನ ಹುಚ್ಚು ಬಿಡ್ಲಿಲ್ವಾ?" ಎಂದು ಸಾಗರದಿಂದ ಅತ್ತಿಗೆ ಫೋನಿನಲ್ಲಿ ಕೇಳಿದಾಗ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಹೊತ್ತಿಗೆ ಮೆಲ್ಬರ್ನ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು ಸಾಸಿವೆ ಸೊಪ್ಪು ಹೆಚ್ಚುತ್ತಿದ್ದೆ. ಹುಳಿಗಲ್ಲ, ಸಾರಿಗಲ್ಲ. ಹೆಚ್ಚಿದ ಸೊಪ್ಪಿನ ಮೇಲೆ ತುರಿದ ಸಿಹಿಗುಂಬಳ, ಅದರ ಮೇಲೆ ಹಿತ್ತಲಲ್ಲಿ ಕೊಯ್ದ ಒಂದು ದಾಸವಾಳದ ಹೂವು. ದೇವರಿಗೆ ಇಡುವ ಮೊದಲೇ ಹೂವು ಕೆಂಚಿಯ ತಟ್ಟೆಗೆ ಹೋಗುತ್ತದೆ ಎಂದು ಅತ್ತಿಗೆಗೆ ಗೊತ್ತಾದರೆ ಇನ್ನೊಂದು ಸುತ್ತು ಬೈಗುಳ ಕಾದಿತ್ತು.

ಕೆಂಚಿ ಎಂದರೆ ನಮ್ಮ ಮನೆಯ ಗಡ್ಡದ ಓತಿ. ಇಂಗ್ಲಿಷಿನಲ್ಲಿ 'ಬಿಯರ್ಡೆಡ್ ಡ್ರ್ಯಾಗನ್' ಎನ್ನುತ್ತಾರೆ. ಹೆಸರು ಕೇಳಿ ಬೆಂಕಿ ಉಗುಳುವ ಪ್ರಾಣಿ ಎಂದುಕೊಳ್ಳಬೇಡಿ. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಎರಡಡಿಯೂ ಇಲ್ಲ. ಸಿಟ್ಟು ಬಂದರೆ, ಹೆದರಿದರೆ, ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಗಡ್ಡದಂತೆ ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ, ಅಷ್ಟೆ. ನಮ್ಮ ಬೇಲಿಯ ಮೇಲೆ ಕೂತು ತಲೆ ಕುಣಿಸುವ ಓತಿಕ್ಯಾತನಿಗೆ ಇದು ದಾಯಾದಿ. ಮಾತಿಗೆ ಹೇಳುತ್ತಿಲ್ಲ, ಪ್ರಾಣಿಶಾಸ್ತ್ರದವರ ಲೆಕ್ಕದಲ್ಲೂ ಎರಡೂ ಒಂದೇ ಕುಟುಂಬ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಎಲ್ಲರನ್ನೂ ಕಾಡಿಗೆ ಎಳೆದುಕೊಂಡು ಹೋಗುವ ಹಾರುವ ಓತಿಯೂ ಇದೇ ಬಳಗದ್ದು.

ಅತ್ತಿಗೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿತ್ತು: "ಹುಚ್ಚು ಬಿಟ್ಟಿತ್ತು ಅತ್ತಿಗೆ. ನಾಲ್ಕು ವರ್ಷ ಬಿಟ್ಟಿತ್ತು. ಈಗ ಬುದ್ಧಿ ಬಂದ ಮೇಲೆ ಮತ್ತೆ ಶುರು ಮಾಡಿದೀನಿ." ಅವರು "ನಿಂಗೆ ಬುದ್ಧಿಯಾ!" ಎಂದು ಫೋನಿಟ್ಟರು. ಆದರೆ ಆ ಮಾತು ನಾನು ತಮಾಷೆಗೆ ಆಡಿದ್ದಲ್ಲ.

ಮೊದಲನೆಯವನ ಕತೆ ಹೇಳದೆ ಇದು ಅರ್ಥವಾಗುವುದಿಲ್ಲ. ನಾವು ಇಂಗ್ಲೆಂಡಿನಲ್ಲಿದ್ದಾಗಿನ ಮಾತು. 2011. ಮಗನಿಗೆ ಎಂಟು ವರ್ಷ. ಅವನ ಸಹಪಾಠಿಯೊಬ್ಬನ ಮನೆಯಲ್ಲಿ ಇಂಥದ್ದೊಂದನ್ನು ನೋಡಿ ಬಂದವನು ಊಟ ಬಿಟ್ಟು ಕೂತ. ನಾಯಿ ಬೇಡ, ಬಾಡಿಗೆ ಮನೆಯವರು ಒಪ್ಪುವುದಿಲ್ಲ. ಬೆಕ್ಕು ಬೇಡ, ಇವರಿಗೆ ಸೀನು. ಸರಿ, ಸಾಕುಪ್ರಾಣಿಗಳ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ನಗುನಗುತ್ತಾ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ವೆರಿ ಈಜಿ." ತುಂಬ ಸುಲಭ. ಮೊದಲ ಸಲ ಸಾಕುವವರಿಗೆ ಹೇಳಿ ಮಾಡಿಸಿದ ಪ್ರಾಣಿ. ನಾಯಿಯ ಹಾಗೆ ವಾಕಿಂಗ್ ಬೇಡ, ಬೆಕ್ಕಿನ ಹಾಗೆ ಕೂದಲು ಉದುರುವುದಿಲ್ಲ. ಒಂದು 'ಸೆಟ್' ತೆಗೆದುಕೊಳ್ಳಿ, ಎಲ್ಲ ಅದರಲ್ಲೇ ಇದೆ. ಗಾಜಿನ ಪೆಟ್ಟಿಗೆ, ಎರಡು ದೀಪ, ಒಂದು ಚೀಲ ಕೆಂಪು ಮರಳು, ಪ್ಲಾಸ್ಟಿಕ್ಕಿನ ಕಳ್ಳಿಗಿಡ. ಯಾರೂ ನಮ್ಮ ಹೆಸರು ಕೇಳಲಿಲ್ಲ, ವಿಳಾಸ ಕೇಳಲಿಲ್ಲ. ಆ ದೇಶದಲ್ಲಿ ಇದನ್ನು ಸಾಕಲು ಯಾವ ಪರವಾನಗಿಯೂ ಬೇಡ. ಬ್ರೆಡ್ಡು ಕೊಂಡ ಹಾಗೆ ಒಂದು ಜೀವವನ್ನು ಕೊಂಡು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆವು. ಮಗ ಅದಕ್ಕೆ ಬೋರ ಎಂದು ಹೆಸರಿಟ್ಟ.

ಆ 'ಸುಲಭ' ಎಂಬ ಮಾತಿನ ಮೇಲೆಯೇ ನನ್ನ ಮೊದಲ ಜಗಳ.

ನಾವು ಹೆಂಗಸರು ಈ ಮಾತನ್ನು ಎಷ್ಟು ಸಲ ಕೇಳಿಲ್ಲ ಹೇಳಿ. ಮಿಕ್ಸಿ ಬಂದಾಗ, ಪ್ರೆಶರ್ ಕುಕ್ಕರ್ ಬಂದಾಗ, ಬಟ್ಟೆ ಒಗೆಯುವ ಮೆಷಿನ್ ಬಂದಾಗಲೆಲ್ಲ 'ಸುಲಭ' ಎಂದವರು ಅದನ್ನು ಮಾರುವವರು ಅಥವಾ ಅದನ್ನು ಮುಟ್ಟದವರು. ಬೋರನ ವಿಷಯದಲ್ಲೂ ಹಾಗೇ ಆಯಿತು. ಮನೆಗೆ ಬಂದವರೆಲ್ಲ "ನಿಮ್ಮ ಮಗ ಎಂಥಾ ಪ್ರಾಣಿ ಸಾಕಿದಾನೆ!" ಎಂದು ಬೆರಗಾಗುತ್ತಿದ್ದರು. ಮಗ ಸಾಕಿದ್ದು ಮೂರು ವಾರ. ಆಮೇಲೆ ಫುಟ್‌ಬಾಲು. ಜೀವಂತ ಮಿಡತೆಗಳ ಡಬ್ಬಿಯನ್ನು ತಂದಿಡುವವಳು ನಾನು, ಒಂದು ಮಿಡತೆ ತಪ್ಪಿಸಿಕೊಂಡು ದೇವರ ಗೂಡಿನ ಹಿಂದೆ ಸೇರಿದರೆ ಹುಡುಕುವವಳು ನಾನು, ಪಿಚಿಕೆ ಬಳಿಯುವವಳು ನಾನು, ನೀರಿನ ಬಟ್ಟಲು ತೊಳೆಯುವವಳು ನಾನು. ಹುಟ್ಟಾ ಸಸ್ಯಾಹಾರಿ ಮನೆತನದಿಂದ ಬಂದವಳು ಚಿಮಟಿಗೆಯಲ್ಲಿ ಮಿಡತೆ ಹಿಡಿದು ತಿನ್ನಿಸುವುದನ್ನು ಕಲಿತೆ. ಮಕ್ಕಳಿಗೆ ಜವಾಬ್ದಾರಿ ಕಲಿಸಲಿಕ್ಕೆ ಪ್ರಾಣಿ ಸಾಕಬೇಕು ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಮಗು ಜವಾಬ್ದಾರಿ ಕಲಿಯುವ ತನಕ ಆ ಪ್ರಾಣಿ ಬದುಕಿರಬೇಕಲ್ಲ? ಬದುಕಿಸುವವರು ಯಾರು? ಅಂಗಡಿಯ ಚೀಟಿಯಲ್ಲಿ ಇದು ಇರುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಗೊಣಗಾಟ ಎಂದು ನಾನೂ ಸುಮ್ಮನಾಗುತ್ತಿದ್ದೆ. ಹದಿನಾಲ್ಕು ತಿಂಗಳಾದಾಗ ಬೋರನ ಬೆರಳುಗಳು ನಡುಗತೊಡಗಿದವು. ನಡೆಯುವಾಗ ಹೊಟ್ಟೆ ಎಳೆಯುತ್ತಿದ್ದ. ಮಿಡತೆ ಹಿಡಿಯಲು ಬಾಯಿ ಹಾಕಿದರೆ ದವಡೆ ಬಾಗುತ್ತಿತ್ತು, ಮುಟ್ಟಿದರೆ ಹಣ್ಣಾದ ಸಪೋಟದ ಹಾಗೆ ಮೆತ್ತಗೆ. ಪಶುವೈದ್ಯೆ ಎಕ್ಸ್-ರೇ ತೆಗೆದು ತೋರಿಸಿದಳು. ಮೂಳೆ ಕಾಣಬೇಕಾದ ಜಾಗದಲ್ಲಿ ಮಂಜು ಮಂಜು.

"ದೀಪದ ಟ್ಯೂಬ್ ಯಾವಾಗ ಬದಲಾಯಿಸಿದಿರಿ?" ಎಂದು ಕೇಳಿದಳು.

"ಅದು ಕೆಟ್ಟೇ ಇಲ್ಲವಲ್ಲ, ಉರಿಯುತ್ತಲೇ ಇದೆ" ಎಂದೆ.

ನನ್ನ ಜೀವನದಲ್ಲಿ ನಾನಾಡಿದ ಅತಿ ಅಜ್ಞಾನದ ಮಾತುಗಳಲ್ಲಿ ಅದೊಂದು. ನಮ್ಮ ಕಡೆ ಬಾಣಂತಿ ಮನೆಯಲ್ಲಿ ಅಜ್ಜಿ ಮಗುವಿಗೆ ಎಣ್ಣೆ ಹಚ್ಚಿ ಎಳೆ ಬಿಸಿಲಿಗೆ ಹಿಡಿಯುತ್ತಿದ್ದಳಲ್ಲ, ಈ ಪ್ರಾಣಿಗೂ ಅದೇ ಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಚರ್ಮಕ್ಕೆ ಬಿದ್ದರೆ ಡಿ ಜೀವಸತ್ವ ಹುಟ್ಟುತ್ತದೆ. ಅದಿಲ್ಲದಿದ್ದರೆ ತಿಂದ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ, ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಮನೆಯೊಳಗೆ ಇಟ್ಟವರು ಆ ಕಿರಣ ಕೊಡುವ ಟ್ಯೂಬ್ ಹಾಕಬೇಕು. ಆದರೆ ಟ್ಯೂಬಿನಿಂದ ಬರುವ ಆ ಕಿರಣ ತಿಂಗಳುಗಳು ಕಳೆದ ಹಾಗೆ ಕುಂದುತ್ತದೆ, ಕಣ್ಣಿಗೆ ಕಾಣುವ ಬೆಳಕು ಮಾತ್ರ ಹಾಗೇ ಇರುತ್ತದೆ. ಟ್ಯೂಬಿನ ಜಾತಿ ನೋಡಿ ಆರು ತಿಂಗಳಿಗೋ ವರ್ಷಕ್ಕೋ ಬದಲಾಯಿಸಲೇಬೇಕು. ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಇಟ್ಟಿದ್ದೆ, ಬಿಸಿಲು ಬೀಳುತ್ತದೆಯಲ್ಲ ಎಂದು. ಮೂಳೆಗೆ ಬೇಕಾದ ಆ ಕಿರಣವನ್ನು ಗಾಜು ಒಳಗೆ ಬಿಡುವುದೇ ಇಲ್ಲವಂತೆ. ಅಂದರೆ ಬೋರ ಹದಿನಾಲ್ಕು ತಿಂಗಳಲ್ಲಿ ಹೆಚ್ಚು ಪಾಲನ್ನು ಬೆಳಕಿದ್ದೂ ಬಿಸಿಲಿಲ್ಲದ ಮನೆಯಲ್ಲಿ ಕಳೆದಿದ್ದ. ಮೇಲಿಂದ ಪಾಲಕ್ ಸೊಪ್ಪು ಬೇರೆ ದಿನಾ ಹಾಕುತ್ತಿದ್ದೆ, ಒಳ್ಳೆಯದೆಂದು. ಪಾಲಕ್‌ನಲ್ಲಿರುವ ಆಕ್ಸಲೇಟ್ ಇದ್ದ ಸುಣ್ಣವನ್ನೂ ಕಟ್ಟಿಹಾಕುತ್ತದೆ.

ಔಷಧಿ ಹಾಕಿದೆವು, ಟ್ಯೂಬ್ ಬದಲಾಯಿಸಿದೆವು, ಮರಳು ತೆಗೆದೆವು. ಅದನ್ನು ನುಂಗಿದರೆ ಕರುಳು ಕಟ್ಟಿಕೊಳ್ಳಬಹುದಂತೆ. ಬೋರ ಬದುಕಿದ. ಮುಂಗಾಲುಗಳು ಮಾತ್ರ ಕೊನೆಯವರೆಗೂ ಸೊಟ್ಟಗೇ ಉಳಿದವು. ಅವನು ನಡೆಯುವಾಗಲೆಲ್ಲ ನನಗೆ ಆ ಅಂಗಡಿ ಹುಡುಗನ ನಗು ನೆನಪಾಗುತ್ತಿತ್ತು. ತಪ್ಪು ಅವನೊಬ್ಬನದೇ ಎನ್ನಲಾರೆ. ಮಿಕ್ಸಿ ಕೊಂಡರೆ ಜೊತೆಗೆ ಬರುವ ಪುಸ್ತಕವನ್ನು ಮೂರು ಸಲ ಓದುವವಳು ನಾನು. ಜೀವ ಕೊಂಡಾಗ ಒಂದು ಪುಟ ಓದಿರಲಿಲ್ಲ.

2018ರಲ್ಲಿ ಇವರಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ಸಾಮಾನು ಕಟ್ಟುವ ಲಾರಿಯವರಿಗೆ ಹೇಳಿದ ಮೇಲೆ, ವೀಸಾ ಆದ ಮೇಲೆ, ಮಗನ ಹೊಸ ಶಾಲೆ ಗೊತ್ತಾದ ಮೇಲೆ ಬೋರನ ಕಾಗದಪತ್ರ ವಿಚಾರಿಸಲು ಹೋದೆ. ನೋಡಿ, ಅವನ ಸ್ಥಾನ ಪಟ್ಟಿಯಲ್ಲಿ ಎಲ್ಲಿತ್ತು! ಉತ್ತರ ಒಂದೇ ಸಾಲಿನದು. ಆಸ್ಟ್ರೇಲಿಯಾ ಸಾಕಿದ ಹಲ್ಲಿ, ಹಾವುಗಳನ್ನು ಯಾವ ದೇಶದಿಂದಲೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾಯಿ ಬೆಕ್ಕಿಗೆ ದಾರಿಯಿದೆ, ಅದೂ ಇಲ್ಲಿಗೆ ಬಂದು ಕ್ವಾರಂಟೈನ್ ಆದ ಮೇಲೆ. ಓತಿಗೆ ದಾರಿಯೇ ಇಲ್ಲ. ವಿಚಿತ್ರವೇನೆಂದರೆ ಗಡ್ಡದ ಓತಿಯ ತವರು ಬೇರೆಲ್ಲೂ ಅಲ್ಲ, ಆಸ್ಟ್ರೇಲಿಯಾದ ಒಳನಾಡೇ! ಲೋಕದ ಯಾವ ಮೂಲೆಯಲ್ಲಿ ಹುಟ್ಟಿದ್ದರೂ ಅವನ ಮುತ್ತಜ್ಜ ಇಲ್ಲಿಯವನು. ಹೆಣ್ಣುಮಕ್ಕಳು ತವರಿಗೆ ಹೋಗಲು ಅಪ್ಪಣೆ ಬೇಡುವುದನ್ನು ಕೇಳಿದ್ದೆ. ತವರಿನವರೇ ಬಾಗಿಲು ಹಾಕಿದ್ದು ನನಗೆ ಹೊಸದು.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಥಾ ಕಲ್ಲುಮನಸ್ಸಿನ ದೇಶ ಎಂದು ಕಂಡವರ ಬಳಿ ಬೈದೆ. ಕೊನೆಗೆ ಬೋರನನ್ನು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಇಟ್ಟುಕೊಂಡರು. ಮಗನಿಗೆ ಆಗ ಹದಿನೈದು. ಮೂರು ವಾರ ಮಾತ್ರ ಸಾಕಿದ್ದಾನೆ ಎಂದು ಆಡಿಕೊಂಡೆನಲ್ಲ, ಆ ಹುಡುಗ ಅವರ ಮನೆಯಿಂದ ಹೊರಬಂದು ಕಾರಿನಲ್ಲಿ ಕೂತವನು ಮನೆ ಸೇರುವವರೆಗೂ ಒಂದು ಮಾತೂ ಆಡಲಿಲ್ಲ. ಹೊಸ ಊರಿಗೆ ಬಂದ ಮೇಲೂ ಬಹಳ ದಿನ "ನೀವು ಮೊದಲೇ ಯಾಕೆ ವಿಚಾರಿಸ್ಲಿಲ್ಲ ಅಮ್ಮ?" ಎಂಬ ಒಂದೇ ಪ್ರಶ್ನೆ. ಅದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. 2020ರಲ್ಲಿ ಆ ಶಿಕ್ಷಕಿ ಪತ್ರ ಬರೆದರು. ಬೋರ ಬೆಳಿಗ್ಗೆ ಏಳಲಿಲ್ಲವಂತೆ. ಒಂಬತ್ತು ವರ್ಷ ಬದುಕಿದ್ದ. ಸೊಟ್ಟ ಕಾಲಿನವನಿಗೆ ಅದು ಕಡಿಮೆಯ ಆಯಸ್ಸಲ್ಲ. ಹಿರಿತನ ಆ ತಾಯಿಯದು.

ಇನ್ನು ಸಾಕಿದ್ದು ಸಾಕು ಎಂದುಕೊಂಡಿದ್ದೆ. 2022ರ ಅಕ್ಟೋಬರಿನಲ್ಲಿ ವಿಕ್ಟೋರಿಯ ರಾಜ್ಯದ ವಾಯವ್ಯ ಮೂಲೆಗೆ, ಮಿಲ್ಡುರಾ ಕಡೆಗೆ, ಪ್ರವಾಸ ಹೋದೆವು. ಮಲ್ಲೀ ಎಂದು ಕರೆಯುವ ಒಣನೆಲ. ಕೆಂಪು ಮಣ್ಣು, ಕುಳ್ಳ ನೀಲಗಿರಿ ಪೊದೆಗಳು, ಕಣ್ಣು ಹಾಯುವವರೆಗೆ ತಂತಿಬೇಲಿ. ಬೇಲಿಗೂಟವೊಂದರ ತುದಿಯಲ್ಲಿ, ಬಿಸಿಲಿಗೆ ಎದೆಯೊಡ್ಡಿ, ಗಲ್ಲ ಮೇಲೆತ್ತಿ, ತಾನೇ ಆ ಸೀಮೆಯ ಪಾಳೇಗಾರ ಎಂಬಂತೆ ಕೂತಿತ್ತು ಒಂದು. ಕಾರು ನಿಲ್ಲಿಸಿದೆವು. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ನಮ್ಮಲ್ಲಿ ಬೇರೆ ಅರ್ಥಕ್ಕೆ ಬಳಸುತ್ತೇವೆ. ನನಗೆ ಅಂದು ಅದು ಅಕ್ಷರಶಃ ಕಂಡಿತು. ಮುಂಗಾಲು ನೆಟ್ಟಗಿದ್ದವು. ನೆಟ್ಟಗಿನ ಮುಂಗಾಲು ಹೇಗಿರುತ್ತದೆಂದು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ಹೊಳೆದಾಗ ಇವರ ಕಣ್ಣಿಗೆ ಬೀಳದ ಹಾಗೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ದುಪಟ್ಟಾ ಅನ್ನಿ.

ಮತ್ತೆ ಶುರು ಮಾಡಬೇಕು ಎಂದು ಅನ್ನಿಸಿದ್ದು ಆ ಗೂಟದ ಬುಡದಲ್ಲಿ. ಮಗ ಆಗಲೇ ಓದಲು ಬೇರೆ ಊರಿಗೆ ಹೋಗಿದ್ದ. ಈ ಸಲ ಯಾರ ಹಟಕ್ಕೂ ಅಲ್ಲ, ಐವತ್ತರ ಅಂಚಿನಲ್ಲಿದ್ದ ನನ್ನದೇ ಆಸೆಗೆ. ನನಗೇ ನಾಚಿಕೆಯಾಯಿತು. ಆಮೇಲೆ, ಗಂಡಸರು ಈ ವಯಸ್ಸಿನಲ್ಲಿ ಕ್ಯಾಮರಾ ಕೊಳ್ಳುತ್ತಾರೆ, ಕಾರು ಕೊಳ್ಳುತ್ತಾರೆ, ಅವರಿಗೇಕೆ ಯಾರೂ "ಏನು ಹುಚ್ಚು" ಎನ್ನುವುದಿಲ್ಲ ಎಂದು ಯೋಚಿಸಿ ಧೈರ್ಯ ತಂದುಕೊಂಡೆ.

ಇಲ್ಲಿ ಮೊದಲ ಹೆಜ್ಜೆ ಅಂಗಡಿಯಲ್ಲ, ಅರ್ಜಿ. ವಿಕ್ಟೋರಿಯದಲ್ಲಿ 1975ರ ವನ್ಯಜೀವಿ ಕಾಯ್ದೆಯ ಕೆಳಗೆ ಗಡ್ಡದ ಓತಿ ಸಾಕಲು ಪರವಾನಗಿ ಬೇಕು. ಕಾಡಿನಿಂದ ಹಿಡಿಯುವ ಹಾಗಿಲ್ಲ. ಪರವಾನಗಿ ಇದ್ದವರ ಕೈಯಿಂದಲೇ, ಸಾಕಿದಲ್ಲೇ ಹುಟ್ಟಿದ್ದನ್ನೇ ತರಬೇಕು. ಕನ್ನಡದವರೆಲ್ಲ ಸೇರಿದ್ದ ಒಂದು ಊಟದಲ್ಲಿ ಈ ವಿಷಯ ಹೇಳಿದೆ. ಬಿಸಿಬೇಳೆ ಭಾತಿನ ತಟ್ಟೆ ಹಿಡಿದಿದ್ದ ಯಜಮಾನರೊಬ್ಬರು ಗೊಳ್ಳೆಂದು ನಕ್ಕರು. "ಹಲ್ಲಿಗೂ ಲೈಸೆನ್ಸಾ? ಈ ದೇಶದವರಿಗೆ ಮಾಡಕ್ಕೆ ಬೇರೆ ಕೆಲಸ ಇಲ್ಲ ಕಣಮ್ಮ!" ಸುತ್ತ ಇದ್ದವರೂ ನಕ್ಕರು. ನಾಲ್ಕು ವರ್ಷದ ಹಿಂದೆ ನಾನೂ ನಗುತ್ತಿದ್ದೆ.

ಅಲ್ಲಿ ಹೇಳಲಾಗದೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ. ಹೌದು, ಹಲ್ಲಿಗೂ ಲೈಸೆನ್ಸು ಬೇಕು. ಸ್ಕೂಟರ್ ಓಡಿಸಲು ಬೇಕು, ಬಂದೂಕಿಗೆ ಬೇಕು, ಬೀದಿಯಲ್ಲಿ ಬಳೆ ಮಾರಲೂ ನಮ್ಮೂರಿನಲ್ಲಿ ಚೀಟಿ ಬೇಕು. ಹತ್ತು ವರ್ಷ ಇನ್ನೊಂದು ಜೀವದ ಬಿಸಿಲು, ಗಾಳಿ, ನೀರು, ಅನ್ನ ಎಲ್ಲವನ್ನೂ ಕೈಯಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕೆ ಏನೂ ಬೇಡವೇ? ಆ ಅರ್ಜಿ ದೊಡ್ಡ ಪರೀಕ್ಷೆಯಲ್ಲ, ನಿಜ. ಹಣ ಕಟ್ಟಿದರೆ ಬರುತ್ತದೆ. ಆದರೆ ಅದು ನನ್ನನ್ನು ಒಂದು ನಿಮಿಷ ನಿಲ್ಲಿಸಿತು. ಹೆಸರು ಬರೆಯಬೇಕಾಯಿತು, ಸಹಿ ಹಾಕಬೇಕಾಯಿತು. ಅರ್ಜಿ ಹಾಕಿ, ಕಾಗದ ಕೈಗೆ ಬಂದು, ಆಮೇಲೆ ಪ್ರಾಣಿ ಎಂದಾಗ, ನಡುವಿನ ದಿನಗಳಲ್ಲಿ ಓದಿದೆ. ಇಂಗ್ಲೆಂಡಿನಲ್ಲಿ ಆ ನಡುವಿನ ದಿನಗಳು ಇದ್ದಿದ್ದರೆ ಬೋರನ ಕಾಲು ನೆಟ್ಟಗಿರುತ್ತಿತ್ತು.

ಇನ್ನೊಂದು ಸಂಗತಿಯೂ ಓದಿದ್ದರಿಂದ ತಿಳಿಯಿತು. ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ವ್ಯಾಪಾರಕ್ಕೆಂದು ಜೀವಂತ ಹೊರಗೆ ಕಳಿಸುವುದನ್ನು ದಶಕಗಳ ಹಿಂದೆಯೇ ನಿಲ್ಲಿಸಿದೆ. ಹಾಗಿದ್ದರೆ ಯುರೋಪಿನ, ಅಮೆರಿಕದ ಅಂಗಡಿ ಅಂಗಡಿಯಲ್ಲಿರುವ ಗಡ್ಡದ ಓತಿಗಳ ಮೂಲಪುರುಷರು ಹೊರಟದ್ದು ಹೇಗೆ? ಬಹುಮಟ್ಟಿಗೆ ಕಳ್ಳದಾರಿಯಲ್ಲೇ ಎಂದು ತಿಳಿದವರು ಹೇಳುತ್ತಾರೆ. ಈಗ ಅವು ಅಲ್ಲೇ ತಲೆಮಾರುಗಟ್ಟಲೆ ಹುಟ್ಟಿ ಬೆಳೆದಿವೆ, ಇವತ್ತು ಕೊಳ್ಳುವ ಮಗುವಿನ ಮೇಲೆ ಆ ಪಾಪ ಹೊರಿಸಲಾಗದು. ಆದರೂ ನಾನು ಬೈದ ಆ ಮುಚ್ಚಿದ ಬಾಗಿಲಿನ ಅರ್ಥ ಆಗ ತಿಳಿಯಿತು. ಹೊರಗಿಂದ ಬರುವ ಓತಿ ರೋಗವನ್ನು ಹೊತ್ತು ತಂದರೆ ಬೇಲಿಗೂಟದ ಮೇಲಿನ ಪಾಳೇಗಾರನಿಗೆ ಗತಿಯೇನು? ಕಲ್ಲುಮನಸ್ಸಿನ ದೇಶ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮೊದಲೇ ವಿಚಾರಿಸದ ಮನಸ್ಸು ನನ್ನದು.

ಗೆಳತಿಯೊಬ್ಬಳು ಬೇರೆ ಮಾತು ಹೇಳಿದಳು, ಅದು ನಗೆಯಾಡುವಂಥದ್ದಲ್ಲ. "ಅಷ್ಟು ಕನಿಕರ ಇದ್ರೆ ಸಾಕೋದೇ ಬೇಡ. ಪಂಜರ ದೊಡ್ಡದಾದ್ರೂ ಪಂಜರವೇ." ಇದಕ್ಕೆ ನಾನು ವಕೀಲಳಂತೆ ವಾದಿಸಬಲ್ಲೆ. ಸಾಕಿದಲ್ಲೇ ಹುಟ್ಟಿದ್ದನ್ನು ಕಾಡಿಗೆ ಬಿಡುವಂತಿಲ್ಲ, ಬಿಟ್ಟರೆ ಬದುಕುವುದೂ ಕಷ್ಟ, ಹೇಗೂ ಹುಟ್ಟಿದ್ದಕ್ಕೆ ಯಾರಾದರೂ ಒಳ್ಳೆಯ ಮನೆ ಕೊಡಬೇಕಲ್ಲ ಎಂದೆಲ್ಲ. ಆದರೆ ಕೊಳ್ಳುವವರಿರುವುದರಿಂದಲೇ ಮರಿ ಮಾಡಿಸುವವರಿದ್ದಾರೆ ಎಂಬುದೂ ಗೊತ್ತು. ಅವಳ ಮಾತನ್ನು ಪೂರ್ತಿ ಸೋಲಿಸಲು ನನ್ನಿಂದಾಗಲಿಲ್ಲ. ಯಾರೋ ಇಟ್ಟುಕೊಳ್ಳಲಾಗದೆ ಬಿಟ್ಟುಕೊಡುತ್ತಿದ್ದ ದೊಡ್ಡ ಓತಿಯನ್ನೇ ಹುಡುಕಿ ತಂದೆ. ನನ್ನ ಬೋರನನ್ನು ಒಬ್ಬರು ಇಟ್ಟುಕೊಂಡಿದ್ದರಲ್ಲ, ಆ ಸಾಲ.

ಹಾಗೆ 2023ರ ಆರಂಭದಲ್ಲಿ ಕೆಂಚಿ ಬಂದಳು. ಅವಳಿಗಿಂತ ಒಂದು ತಿಂಗಳು ಮೊದಲು ಅವಳ ಮನೆ ಬಂತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಮರದ ಪೆಟ್ಟಿಗೆ. ಒಂದು ತುದಿಯಲ್ಲಿ ಚಪ್ಪಡಿ ಕಲ್ಲು, ಅದರ ಮೇಲೆ ಬಿಸಿ ದೀಪ. ಕಲ್ಲಿನ ಮೈ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು, ಇನ್ನೊಂದು ತುದಿ 25ರ ಹತ್ತಿರ ತಂಪಾಗಿರಬೇಕು. ತಣ್ಣನೆಯ ರಕ್ತದ ಪ್ರಾಣಿ, ಕಾಯಿಸಿಕೊಳ್ಳುವುದೂ ಆರಿಸಿಕೊಳ್ಳುವುದೂ ಅದರ ಇಷ್ಟಕ್ಕೆ ಬಿಡಬೇಕು. ಕಾಯದಿದ್ದರೆ ತಿಂದದ್ದು ಅರಗುವುದಿಲ್ಲ. ಅವಳಿಲ್ಲದ ಖಾಲಿ ಪೆಟ್ಟಿಗೆಯಲ್ಲಿ ಹದಿನೈದು ದಿನ ದೀಪ ಉರಿಸಿ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ಸಂಜೆ ಬರೆದುಕೊಂಡೆ. ಇವರು "ಬಸುರಿ ಹೆಂಗಸಿನ ಹಾಗೆ ತೊಟ್ಟಿಲು ಸಿದ್ಧ ಮಾಡ್ತಿದೀಯಲ್ಲೇ" ಎಂದರು. ನಗಲಿ. ನೇರಳಾತೀತ ಟ್ಯೂಬ್ ಹಾಕಿದ ತಾರೀಖನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹಳೆಯ ಟ್ಯೂಬ್ ಉರಿಯುತ್ತಿದ್ದರೂ ಆ ದಿನ ಬಂತೆಂದರೆ ಕಸಕ್ಕೆ.

ದೊಡ್ಡವರಿಗೆ ಹುಳುವಿಗಿಂತ ಸೊಪ್ಪೇ ಹೆಚ್ಚಿರಬೇಕು, ಮರಿಗಳಿಗೆ ಹುಳು ಹೆಚ್ಚು. ಇಲ್ಲಿ ಮಿಡತೆಯ ಬದಲು ಒಂದು ಬಗೆಯ ಕಾಡುಜಿರಲೆ ಸಿಗುತ್ತದೆ, ಸುಣ್ಣದ ಪುಡಿಯಲ್ಲಿ ಹೊರಳಿಸಿ ಕೊಡುತ್ತೇನೆ, ಚಕ್ಕುಲಿಗೆ ಹಿಟ್ಟು ಹೊರಳಿಸಿದ ಹಾಗೆ. ಬೆಣ್ಣೆಹಣ್ಣು ಕೊಡಬಾರದು, ಅದು ವಿಷ. ಮಿಂಚುಹುಳುವಂತೂ ಒಂದೇ ಒಂದು ಸಾಕು ಕೊಲ್ಲಲು. ನಮ್ಮ ಮಲೆನಾಡಿನ ಮಳೆಗಾಲದ ಮೊದಲ ರಾತ್ರಿಗಳನ್ನು ನೆನೆದು ಬೆವೆತೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ಸಾಲ್ಮೊನೆಲ್ಲಾ ಎಂಬ ರೋಗಾಣು ಇವುಗಳ ಮೈಯಲ್ಲಿರುವುದುಂಟು. ಎಳೆಯ ಮಕ್ಕಳಿರುವ ಮನೆಯವರು ಇದೊಂದನ್ನೇ ನೆನೆದು ಬೇಡವೆಂದರೂ ತಪ್ಪಿಲ್ಲ.

ಬಂದವರೆಲ್ಲ ಕೇಳುವ ಪ್ರಶ್ನೆ ಒಂದಿದೆ. "ಒಂದೇ ಇದ್ರೆ ಅದಕ್ಕೆ ಬೇಜಾರಾಗಲ್ವಾ? ಜೊತೆಗೆ ಒಂದು ಗಂಡು ತಂದ್ಬಿಡಿ." ನಮ್ಮ ಜನಕ್ಕೆ ಒಂಟಿ ಹೆಣ್ಣನ್ನು ನೋಡಿದರೆ, ಅದು ಓತಿಯೇ ಆಗಿರಲಿ, ಕೈ ಕಡಿಯುತ್ತದೆ! ಈ ಪ್ರಾಣಿ ಹುಟ್ಟಾ ಒಂಟಿ. ಎರಡನ್ನು ಒಟ್ಟಿಗಿಟ್ಟರೆ ಒಂದು ಇನ್ನೊಂದರ ಬೆನ್ನ ಮೇಲೆ ಹತ್ತಿ ಮಲಗುತ್ತದೆ. ನಾವು ಅದನ್ನು ಪ್ರೀತಿ ಎಂದು ಫೋಟೋ ತೆಗೆಯುತ್ತೇವೆ. ಮೇಲಿನದು ಬಿಸಿಲನ್ನು ತನ್ನದಾಗಿಸಿಕೊಂಡಿರುತ್ತದೆ, ಕೆಳಗಿನದಕ್ಕೆ ದೀಪವೂ ಇಲ್ಲ, ಊಟವೂ ಸಾಲದು. ಇಂಥ ದಾಂಪತ್ಯಗಳನ್ನು ನಾನು ಗಾಜಿನ ಪೆಟ್ಟಿಗೆಯ ಹೊರಗೂ ಬೇಕಾದಷ್ಟು ನೋಡಿದ್ದೇನೆ. ಗಂಡಿಲ್ಲದೆಯೇ ಕೆಂಚಿ ಕಳೆದ ವರ್ಷ ಮಣ್ಣಿನ ತೊಟ್ಟಿ ತೋಡಿ ಮೊಟ್ಟೆಯಿಟ್ಟಳು. ಅತ್ತಿಗೆಗೆ ಆಘಾತವಾಯಿತು. ಕೋಳಿ ಇಡುವುದಿಲ್ಲವೇ, ಹಾಗೆ. ಮರಿಯಾಗದ ಮೊಟ್ಟೆ. ಅದಕ್ಕೂ ಅವಳ ಮೈಯ ಸುಣ್ಣವೇ ಖರ್ಚು. ಇನ್ನೂ ಆಶ್ಚರ್ಯವೆಂದರೆ, ಈ ಜಾತಿಯಲ್ಲಿ ಗಂಡಿನ ವರ್ಣತಂತು ಹೊತ್ತ ಮೊಟ್ಟೆಯೂ ಹೆಚ್ಚು ಕಾವಿನಲ್ಲಿ ಹೆಣ್ಣಾಗಿ ಹುಟ್ಟಿ, ಮುಂದೆ ತಾಯಿಯೂ ಆಗಬಲ್ಲದಂತೆ. ಕಾಡಿನಲ್ಲೂ ಹೀಗೆ ಆಗುತ್ತಿದೆ ಎಂದು 2015ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಪ್ರಕಟಿಸಿದರು. ಗಂಡುಮಗುವಿಗೆ ಹರಕೆ ಹೊರುವವರಿಗೆ ಇದನ್ನು ಹೇಳಿ ನೋಡಬೇಕು.

ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ಕೆಂಚಿಯಲ್ಲ, ನನ್ನ ಸೋದರಳಿಯ. ಎರಡು ತಿಂಗಳ ಹಿಂದೆ ಫೋನ್ ಮಾಡಿದ್ದ. "ಅತ್ತೆ, ಈಗ ಬೆಂಗಳೂರಲ್ಲೂ ಸಿಗತ್ತೆ. ನಂಗೊಂದು ಬೇಕು. ನೀವು ಅಮ್ಮನ್ನ ಒಪ್ಸಿ." ಅತ್ತಿಗೆಯನ್ನು ಒಪ್ಪಿಸುವುದು ನನಗೆ ಕಷ್ಟವಲ್ಲ, ಆದರೆ ಒಪ್ಪಿಸಲಿಲ್ಲ.

ಆಷಾಢದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುವ ಊರು ನಮ್ಮದು. ಚಪ್ಪಲಿಗೆ ಬೂಷ್ಟು ಬರುತ್ತದೆ. ಅಲ್ಲಿಗೆ ಒಣನೆಲದ ಪ್ರಾಣಿಯನ್ನು ತಂದರೆ ಅದು ಉಸಿರಿನ ಕಾಯಿಲೆ ಹಿಡಿದು ಬಾಯಿ ತೆರೆದು ಕೂರುತ್ತದೆ. ಮಳೆಗಾಲದಲ್ಲಿ ಕರೆಂಟು ಎರಡು ದಿನ ಹೋದರೆ ಬಿಸಿಲು ಕೊಡುವವರು ಯಾರು? ಕಾಯಿಲೆ ಬಿದ್ದರೆ ದನಕರು ನೋಡುವ ಡಾಕ್ಟರರ ಬಳಿ ಓಡಬೇಕು. ಅವರು ಪಾಪ, ಇದನ್ನು ಎಂದು ಕಂಡವರು? ಇನ್ನು ಅಂಗಡಿಯವನು ಅದನ್ನು ಎಲ್ಲಿಂದ ತಂದ? ಕೇಳಿದರೆ "ಬ್ರೀಡ್ ಮಾಡಿದ್ದು ಮೇಡಂ" ಎನ್ನುತ್ತಾನೆ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಒಬ್ಬ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು. ಹಾವು, ಹಲ್ಲಿ, ಆಮೆಗಳ ಜೊತೆ ಒಂದು ಕಾಂಗರೂ ಮರಿ. ಅದು ಸತ್ತಿತ್ತು. ಬಟ್ಟೆಯಿಡುವ ಸೂಟ್‌ಕೇಸು, ನೆನಪಿರಲಿ. ಅಂಥ ಪೆಟ್ಟಿಗೆಗಳಲ್ಲಿ ಸಿಕ್ಕಿಬೀಳದೆ ಹೊರಗೆ ಹೋದವು ಎಲ್ಲಿಗೆ ಹೋಗುತ್ತವೆ? ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶಿ ಪ್ರಾಣಿಗಳನ್ನು ಸಾಕುವವರು ನೋಂದಾಯಿಸಬೇಕು ಎಂದು 2022ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿದೆ, 2024ರಲ್ಲಿ ನಿಯಮಗಳೂ ಬಂದಿವೆ. ಒಳ್ಳೆಯದೇ. ಆದರೆ ಕಾಯ್ದೆ ಓದಿ ಹುಟ್ಟುಹಬ್ಬ ಮಾಡುವವರು ಯಾರಿದ್ದಾರೆ?

ನಾವೇನು ಸಾಚಾಗಳೇ? ನನ್ನ ಚಿಕ್ಕಮ್ಮನನ್ನು ಕೊಟ್ಟದ್ದು ಕೋಲಾರದ ಕಡೆ. ಅವರ ಮನೆಯ ಬಚ್ಚಲಿನ ಹಿಂದೆ ಒಂದು ನಕ್ಷತ್ರ ಆಮೆ ಇತ್ತು, ಲಕ್ಷ್ಮಿ ಬರುತ್ತಾಳೆಂದು. ಎಂಜಲನ್ನ ಹಾಕುತ್ತಿದ್ದರು. ರಜೆಗೆ ಹೋದಾಗ ನಾನೂ ಹಾಕಿದ್ದೇನೆ. ಅದನ್ನು ಹಿಡಿಯುವುದು, ಇಟ್ಟುಕೊಳ್ಳುವುದು ಅಪರಾಧ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊರಬಾಗಿಲಲ್ಲಿ ಪಂಜರದ ಗಿಳಿ ಬೇರೆ. ಓಣಿಯ ಹುಡುಗರು ಓತಿಕ್ಯಾತ ಕಂಡರೆ ಕಲ್ಲು ಬೀರಿ ಕೊಲ್ಲುತ್ತಿದ್ದರು, ಯಾವ ದೊಡ್ಡವರೂ ಬೇಡ ಎಂದದ್ದು ನೆನಪಿಲ್ಲ. ಅದೇ ಓಣಿಯ ಹುಡುಗ ಈಗ ಸಾವಿರಾರು ರೂಪಾಯಿ ಕೊಟ್ಟು ಅದರ ಪರದೇಶಿ ದಾಯಾದಿಯನ್ನು ತಂದು ಗಾಜಿನಲ್ಲಿಡುತ್ತಾನಂತೆ. ಪುಕ್ಕಟೆ ಸಿಕ್ಕಿದ್ದಕ್ಕೆ ಕಲ್ಲು, ದುಡ್ಡು ಕೊಟ್ಟಿದ್ದಕ್ಕೆ ದೀಪ.

ಅಳಿಯನಿಗೆ ಹೇಳಿದೆ: "ಹಿತ್ತಲಿಗೆ ಹೋಗು. ದಾಸವಾಳದ ಬೇಲಿ ಹತ್ರ ಒಂದು ತಾಸು ಸುಮ್ನೆ ಕೂರು. ಗಂಡು ಓತಿ ಕತ್ತು ಕೆಂಪು ಮಾಡಿ ತಲೆ ಕುಣಿಸತ್ತೆ. ಒಂದು ತಿಂಗಳು ದಿನಾ ನೋಡಿ ಏನೇನು ಮಾಡ್ತು ಅಂತ ಬರ್ದು ಕಳ್ಸು. ಆಮೇಲೆ ಮಾತಾಡಣ." ಅವನು "ಅದೇನಿದೆ ಅತ್ತೆ ಅದ್ರಲ್ಲಿ" ಎಂದ. ಮೊದಲ ವಾರ ಏನೂ ಬರಲಿಲ್ಲ. ಎರಡನೆಯ ವಾರ ಒಂದು ಫೋಟೋ ಬಂತು. ಮಸುಕಾಗಿತ್ತು, ಆದರೂ ಕೆಂಪು ಕತ್ತು ಕಾಣುತ್ತಿತ್ತು. ಕೆಳಗೆ, "ಇದು ದಿನಾ ಇದೇ ಗೂಟಕ್ಕೆ ಬರತ್ತೆ" ಎಂದು ಬರೆದಿದ್ದ.

ಅತ್ತಿಗೆಗೆ ಮಾತ್ರ ನಾನು ಏನೋ ಮೋಡಿ ಮಾಡಿದೆ ಎಂದು ಸಮಾಧಾನ. "ಪುಣ್ಯ ಬಂತು, ಮಾರಾಯ್ತಿ. ಅದು ಬಂದಿದ್ರೆ ಅದ್ರ ಚಾಕರಿಯೂ ನಂಗೇ ಬೀಳ್ತಿತ್ತು" ಎಂದರು. ಬೀಳುತ್ತಿತ್ತು, ಸಂಶಯವಿಲ್ಲ. ಬೇಡ ಎನ್ನುವ ಹಕ್ಕು ಮನೆಯಲ್ಲಿ ಮೊದಲು ಅವರಿಗೇ ಇರಬೇಕಿತ್ತು. ಅದನ್ನು ಅವರು ನನ್ನ ಬಾಯಲ್ಲಿ ಹೇಳಿಸಬೇಕಾಯಿತಲ್ಲ ಎಂಬುದೇ ನನ್ನ ಸಂಕಟ.

ಆಮೇಲೆ, ಹೋಗಲಿ ಎಂಬಂತೆ, "ನಿನ್ನ ಕೆಂಚಿ ಏನು ಮಾಡ್ತಿದಾಳೆ?" ಎಂದು ಕೇಳಿದರು. ಹೆಸರು ಹಿಡಿದು ಕೇಳಿದ್ದು ಅದೇ ಮೊದಲು.

ಇದು ಜುಲೈ. ನಿಮಗೆ ಮಳೆ, ನಮಗೆ ಇಲ್ಲಿ ಚಳಿಗಾಲ. ಕೆಂಚಿ ಊಟ ಬಿಟ್ಟು, ತಂಪು ತುದಿಯ ಮರದ ತೊಗಟೆಯ ಕೆಳಗೆ ಸೇರಿ ಐದು ವಾರವಾಯಿತು. ಚಳಿಗೆ ಹೀಗೆ ಮಲಗುವುದು ಇವುಗಳ ಸ್ವಭಾವ. ಮೊದಲ ವರ್ಷ ಸತ್ತೇ ಹೋದಳೆಂದು ಹೆದರಿ ಡಾಕ್ಟರ ಬಳಿ ಒಯ್ದಿದ್ದೆ. ಈಗ ವಾರಕ್ಕೊಮ್ಮೆ ತಕ್ಕಡಿಯಲ್ಲಿಟ್ಟು ತೂಕ ನೋಡುತ್ತೇನೆ, ನೀರು ಬದಲಾಯಿಸುತ್ತೇನೆ, ಅಷ್ಟೆ.

"ಮಲಗಿದಾಳೆ ಅತ್ತಿಗೆ" ಎಂದೆ. "ಇನ್ನೂ ಒಂದು ತಿಂಗಳು ಏಳಲ್ಲ. ಊಟ ಇಲ್ಲ, ತಿಂಡಿ ಇಲ್ಲ. ಯಾರೂ ಎಬ್ಬಿಸೋ ಹಾಗಿಲ್ಲ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿತು, ಯಾರೋ ಕಾಫಿ ಕೇಳಿದರು.

"ಪುಣ್ಯವಂತೆ ಕಣೇ ಅವಳು" ಎಂದರು ಅತ್ತಿಗೆ.